ಪುಕ್ಕಟೆ ಕಾಲೇಜಿಗೆ ಫೀಸು ಬಂದ ಕತೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)



ಶಿಬಿರದ ಗೆಳೆಯರು ನನಗೆ ಕೊಟ್ಟಿರುವ ವಿಷಯ ‘ಫೀಸು ಏರಿಕೆ, ಬಜೆಟ್ ಕಡಿತ ಮತ್ತು ವಿದ್ಯಾರ್ಥಿ ಹೋರಾಟ’. ಇದರ ಬಗ್ಗೆ ಘೋಷಣೆ ಕೂಗೋದನ್ನ ನಾನೇನೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರವೇ ಕೇಳಿಸಿಕೊಂಡು ಬಂದೆ, ಗಂಟಲು ಎಲ್ಲರದೂ ಚೆನ್ನಾಗಿದೆ. ಅದಕ್ಕೇ ನಾನು ಇವತ್ತು ಒಂದು ಕತೆ ಹೇಳ್ತೀನಿ. ನಡೆದ ಕತೆ. ಅಮೆರಿಕದ ನ್ಯೂಯಾರ್ಕ್ ಪಟ್ಟಣದ್ದು. ಅಲ್ಲಿ ಒಂದು ಸಾರ್ವಜನಿಕ ಕಾಲೇಜು 129 ವರ್ಷ ಬೋಧನಾ ಶುಲ್ಕವೇ ಇಲ್ಲದೆ ನಡೀತು. 1976ರಲ್ಲಿ ಅದು ಫೀಸು ಕೇಳೋದಕ್ಕೆ ಶುರು ಮಾಡ್ತು. ಯಾಕೆ ಆ ವರ್ಷವೇ? ಅಲ್ಲೀವರೆಗೆ ಯಾರ ಮಕ್ಕಳು ಓದಿದ್ದರು, ಆ ಹೊತ್ತಿಗೆ ಯಾರ ಮಕ್ಕಳು ಒಳಗೆ ಬಂದಿದ್ದರು? ನನ್ನ ಭಾಷಣದ ವಿಷಯ ಇಷ್ಟೇ.

ನ್ಯೂಯಾರ್ಕಿಗೂ ನಮ್ಮ ಕೇರಿಗೂ ಏನಪ್ಪಾ ಸಂಬಂಧ ಅಂತ ಯಾರಾದರೂ ಕೇಳಬಹುದು. ಬಾಬಾಸಾಹೇಬರು 1913ರಲ್ಲಿ ಓದೋದಕ್ಕೆ ಹೋಗಿದ್ದು ಅದೇ ಪಟ್ಟಣಕ್ಕೆ, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ. ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ಸಿಕ್ಕಿತ್ತು. ಆ ಹಣ ಇಲ್ಲದಿದ್ದರೆ ಅವರು ಹಡಗು ಹತ್ತುತ್ತಿರಲಿಲ್ಲ. ಕೊಲಂಬಿಯಾದಿಂದ ಉತ್ತರಕ್ಕೆ ಅರ್ಧ ಗಂಟೆ ನಡೆದರೆ ನಾನು ಹೇಳುವ ಸಿಟಿ ಕಾಲೇಜು. ಅದರ ಸುತ್ತ ಇರೋದು ಹಾರ್ಲೆಮ್, ಕಪ್ಪು ಜನರ ಕೇರಿ. ಆಮೇಲೆ 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ‘ದಲಿತ ಪ್ಯಾಂಥರ್’ ಅಂತ ಹೆಸರಿಟ್ಟಾಗ ಅವರ ಕಣ್ಣ ಮುಂದೆ ಇದ್ದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳೇ. ಸಂಬಂಧ ಸಾಕಲ್ವಾ?

ಕತೆ ಶುರುವಾಗೋದು 1847ರಲ್ಲಿ. ಟೌನ್ಸೆಂಡ್ ಹ್ಯಾರಿಸ್ ಅನ್ನೋ ವ್ಯಾಪಾರಿಯೊಬ್ಬ ಆ ಊರಿನ ಶಿಕ್ಷಣ ಮಂಡಳಿಯ ಅಧ್ಯಕ್ಷನಾಗಿದ್ದ. ಊರಿನ ತೆರಿಗೆ ಹಣದಿಂದ ಒಂದು ಕಾಲೇಜು ನಡೆಸೋಣ, ಫೀಸು ಬೇಡ ಅಂದ. ಜನರ ಮತಕ್ಕೆ ಹಾಕಿದರು, ಜನ ಬೇಕು ಅಂತ ಓಟು ಮಾಡಿದರು. ‘ಫ್ರೀ ಅಕಾಡೆಮಿ’ ಅಂತಲೇ ಹೆಸರು. ಮುಂದೆ ಅದೇ ಸಿಟಿ ಕಾಲೇಜಾಯ್ತು. ಹುಡುಗಿಯರಿಗೆ 1870ರಲ್ಲಿ ಬೇರೊಂದು ಕಾಲೇಜು ಬಂತು. ಇಪ್ಪತ್ತನೇ ಶತಮಾನದಲ್ಲಿ ಬ್ರೂಕ್ಲಿನ್, ಕ್ವೀನ್ಸ್ ಅಂತ ಇನ್ನಷ್ಟು ಹುಟ್ಟಿದವು. 1961ರಲ್ಲಿ ಎಲ್ಲವನ್ನೂ ಸೇರಿಸಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ಮಾಡಿದರು.

ಇಲ್ಲಿ ಓದಿದವರು ಯಾರು? ಯುರೋಪಿನಿಂದ ಬಟ್ಟೆ ಗಂಟು ಹೊತ್ತುಕೊಂಡು ಬಂದ ಬಡ ಯಹೂದಿಗಳ ಮಕ್ಕಳು, ಐರಿಷ್ ಮತ್ತು ಇಟಾಲಿಯನ್ ಕೂಲಿಗಳ ಮಕ್ಕಳು. ದೊಡ್ಡ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು ಯಹೂದಿ ಹುಡುಗರಿಗೆ ಇಷ್ಟೇ ಸೀಟು ಅಂತ ಗುಟ್ಟಾಗಿ ಮಿತಿ ಹಾಕಿಕೊಂಡಿದ್ದ ಕಾಲ ಅದು. ಪೋಲಿಯೋಗೆ ಲಸಿಕೆ ಕಂಡುಹಿಡಿದ ಜೋನಾಸ್ ಸಾಕ್ ಇದೇ ಸಿಟಿ ಕಾಲೇಜಿನಲ್ಲಿ 1934ರಲ್ಲಿ ಡಿಗ್ರಿ ಮುಗಿಸಿದವನು. ನಿಮ್ಮ ಬಾಯಿಗೆ ಪೋಲಿಯೋ ಹನಿ ಬಿದ್ದಿದೆ ತಾನೆ? ಆ ಹನಿ ಸೇಬಿನ್ ಅನ್ನೋ ಇನ್ನೊಬ್ಬನ ಲಸಿಕೆ. ಆದರೆ ಪೋಲಿಯೋವನ್ನ ಲಸಿಕೆಯಿಂದ ತಡೀಬಹುದು ಅಂತ ಮೊದಲು ತೋರಿಸಿಕೊಟ್ಟವನು ಸಾಕ್. ಅವನಪ್ಪ ಬಟ್ಟೆ ಹೊಲಿಯುವ ಕಸುಬಿನವನು. ಫೀಸು ಇದ್ದಿದ್ದರೆ ಏನಾಗ್ತಿತ್ತೋ ನೀವೇ ಯೋಚನೆ ಮಾಡಿ.

ಇಲ್ಲೊಂದು ಮಾತು. ‘ಪುಕ್ಕಟೆ’ ಅಂದರೆ ಎಲ್ಲರಿಗೂ ಅಂತ ಅರ್ಥ ಇರಲಿಲ್ಲ. ಹೈಸ್ಕೂಲಿನಲ್ಲಿ ಇಷ್ಟು ಅಂಕ ತೆಗೆದವರಿಗೆ ಹಗಲು ತರಗತಿ, ಫೀಸಿಲ್ಲ. ಅಷ್ಟು ಅಂಕ ಬಾರದೆ ಸಂಜೆ ತರಗತಿಗೆ ಬಂದು ಕೂರುವವರ ಹತ್ತಿರ ದುಡ್ಡು ವಸೂಲಿ ಮಾಡ್ತಿದ್ದರು. ಅಂದರೆ ಹಗಲೆಲ್ಲಾ ದುಡಿದು ರಾತ್ರಿ ಓದುವವನು ಫೀಸು ಕಟ್ಟಬೇಕು, ಒಳ್ಳೆಯ ಸ್ಕೂಲಿನಲ್ಲಿ ಓದಿ ಅಂಕ ತಂದವನು ಕಟ್ಟಬೇಕಾಗಿಲ್ಲ. ಸೀಟಿಗೆ ಪೈಪೋಟಿ ಹೆಚ್ಚಾದಂತೆ ಆ ಅಂಕದ ಗೆರೆಯನ್ನ ಮೇಲೆ ಮೇಲೆ ಏರಿಸ್ತಾ ಹೋದರು. ಇದಕ್ಕೆ ‘ಮೆರಿಟ್’ ಅಂತ ಹೆಸರು. ಈ ಪದ ನಮಗೆ ಹೊಸದಲ್ಲ.

ಹೀಗಾಗಿ ಒಂದು ವಿಚಿತ್ರ ನಡೀತು. ಸಿಟಿ ಕಾಲೇಜು ಇದ್ದದ್ದು ಗುಡ್ಡದ ಮೇಲೆ. ಕೆಳಗೆ ಹಾರ್ಲೆಮ್. ಹಾರ್ಲೆಮಿನ ಕಪ್ಪು ಜನ, ಪೋರ್ಟೊರಿಕೊ ದ್ವೀಪದಿಂದ ಬಂದ ಸ್ಪ್ಯಾನಿಷ್ ಮಾತಿನ ಜನ ತೆರಿಗೆ ಕಟ್ಟೋರು, ಗುಡ್ಡದ ಮೇಲೆ ಓದುವವರು ಬಹುಪಾಲು ಬಿಳಿಯರು. ಕಪ್ಪು ಜನ ಆ ಕಾಲೇಜಿನೊಳಗೆ ಇರಲಿಲ್ಲ ಅಂತಲ್ಲ, ಕಸ ಗುಡಿಸೋದಕ್ಕೆ, ಅಡಿಗೆ ಮಾಡೋದಕ್ಕೆ ಇದ್ದರು. 1965ರ ಸುಮಾರಿಗೆ ಒಂದು ಸಣ್ಣ ಬಾಗಿಲು ತೆರೆದರು. ‘ಸೀಕ್’ ಅಂತ ಒಂದು ಯೋಜನೆ. ಬಡ ಕೇರಿಗಳ ಕೆಲವು ನೂರು ಮಕ್ಕಳನ್ನ ಸೇರಿಸಿಕೊಂಡು ವಿಶೇಷ ಪಾಠ, ಕೈಖರ್ಚಿಗೆ ಒಂದಿಷ್ಟು ಹಣ. ಅಲ್ಲಿ ಪಾಠ ಮಾಡಿದವರಲ್ಲಿ ಆಡ್ರೆ ಲಾರ್ಡ್, ಜೂನ್ ಜೋರ್ಡನ್, ಟೋನಿ ಕೇಡ್ ಬಂಬಾರ ಇದ್ದರು. ಮುಂದೆ ದೊಡ್ಡ ಹೆಸರು ಮಾಡಿದ ಕಪ್ಪು ಲೇಖಕಿಯರು.

1969ರಲ್ಲಿ ಗವರ್ನರ್ ನೆಲ್ಸನ್ ರಾಕಫೆಲರ್ ಬಜೆಟ್ ಕತ್ತರಿಸೋದಕ್ಕೆ ಹೊರಟ. ರಾಕಫೆಲರ್ ಅಂದರೆ ಎಣ್ಣೆ ಕಂಪನಿಯ ಆ ರಾಕಫೆಲರ್ ಮನೆತನದವನೇ. ಕಡಿತ ಆದರೆ ಮೊದಲು ಮುಚ್ಚೋದು ಯಾವ ಬಾಗಿಲು? ಕೊನೆಯಲ್ಲಿ ತೆರೆದ ಬಾಗಿಲು. ಇದು ಆ ಮಕ್ಕಳಿಗೆ ಗೊತ್ತಾಯ್ತು. ಏಪ್ರಿಲ್ 22ರ ಬೆಳಗಿನ ಜಾವ ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ಕಾಲೇಜಿನ ದಕ್ಷಿಣ ಆವರಣದ ಗೇಟುಗಳಿಗೆ ಒಳಗಿನಿಂದ ಬೀಗ ಹಾಕಿ ಕೂತರು. ‘ಹಾರ್ಲೆಮ್ ವಿಶ್ವವಿದ್ಯಾಲಯ’ ಅಂತ ಹೊಸ ಹೆಸರಿಟ್ಟರು. ಸುಮಾರು ಎರಡು ವಾರ. ಗುಡ್ಡದ ಕೆಳಗಿನ ಜನ ಅಡಿಗೆ ಮಾಡಿ ತಂದುಕೊಟ್ಟರು. ಗೇಟಿನ ಒಳಗಿನವರಿಗೆ ಹೊರಗಿನವರು ಅನ್ನ ತಂದುಕೊಡುವ ಹೋರಾಟ ಇದೆಯಲ್ಲ, ಅದನ್ನ ಮುರಿಯೋದು ಕಷ್ಟ.

ಅವರ ಬೇಡಿಕೆ ಐದು. ಕಪ್ಪು ಮತ್ತು ಪೋರ್ಟೊರಿಕನ್ ಅಧ್ಯಯನಕ್ಕೆ ಒಂದು ಪ್ರತ್ಯೇಕ ಶಾಲೆ. ಹೊಸದಾಗಿ ಬರುವ ತಮ್ಮ ಮಕ್ಕಳಿಗೆ ದಾರಿ ತೋರಿಸುವ ಪ್ರತ್ಯೇಕ ವ್ಯವಸ್ಥೆ. ಸೀಕ್ ಯೋಜನೆಯ ಆಡಳಿತದಲ್ಲಿ ವಿದ್ಯಾರ್ಥಿಗಳ ಮಾತು ನಡೀಬೇಕು. ಊರಿನ ಹೈಸ್ಕೂಲುಗಳಲ್ಲಿ ಯಾವ ಜನ ಎಷ್ಟು ಪಾಲು ಇದ್ದಾರೋ ಕಾಲೇಜಿಗೆ ಸೇರುವವರಲ್ಲೂ ಅಷ್ಟೇ ಪಾಲು ಇರಬೇಕು. ಶಿಕ್ಷಕರಾಗೋದಕ್ಕೆ ಓದುವವರು ಕಪ್ಪು ಜನರ ಚರಿತ್ರೆ ಮತ್ತು ಸ್ಪ್ಯಾನಿಷ್ ಭಾಷೆ ಕಲಿತಿರಲೇಬೇಕು. ಕೊನೆಯದನ್ನ ಗಮನಿಸಿ. ನಾಳೆ ನಮ್ಮ ಕೇರಿಯ ಸ್ಕೂಲಿಗೆ ಮೇಷ್ಟ್ರಾಗಿ ಬರುವವನಿಗೆ ನಮ್ಮ ವಿಚಾರ ಗೊತ್ತಿರಬೇಕು ಅನ್ನೋ ಬೇಡಿಕೆ ಅದು. ನಾವು ಇದನ್ನ ಇನ್ನೂ ಸರಿಯಾಗಿ ಕೇಳಿಲ್ಲ.

ಆಮೇಲೆ ಆಗಬೇಕಾದದ್ದೆಲ್ಲಾ ಆಯ್ತು. ಕೋರ್ಟು, ಪೊಲೀಸು, ಗೇಟು ತೆಗೆದ ಮೇಲೆ ಹೊಡೆದಾಟ, ಬೆಂಕಿ. ಕಾಲೇಜಿನ ಅಧ್ಯಕ್ಷ ರಾಜೀನಾಮೆ ಕೊಟ್ಟ. ಮಾತುಕತೆಯಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದರು: ಅರ್ಧ ಸೀಟು ಅಂಕದ ಮೇಲೆ, ಇನ್ನರ್ಧ ಬಡ ಕೇರಿಗಳ ಹೈಸ್ಕೂಲುಗಳಿಗೆ. ಊರೆಲ್ಲಾ ಬೊಬ್ಬೆ. ಅದು ಮೇಯರ್ ಚುನಾವಣೆಯ ವರ್ಷ, ನಿಂತವರೆಲ್ಲಾ ಇದನ್ನ ‘ಕೋಟಾ’ ಅಂತ ಬಯ್ದರು. ಒಪ್ಪಂದ ಬಿದ್ದು ಹೋಯ್ತು. ಕೊನೆಗೆ ಮಂಡಳಿಯವರು ಇನ್ನೊಂದು ದಾರಿ ಹಿಡಿದರು. ಕೋಟಾ ಬೇಡವೋ, ಸರಿ, ಊರಿನ ಹೈಸ್ಕೂಲು ಪಾಸಾದ ಪ್ರತಿಯೊಬ್ಬರಿಗೂ ಎಲ್ಲಾದರೊಂದು ಕಡೆ ಸೀಟು ಕೊಡ್ತೀವಿ ಅಂದರು. ಬಿಳಿಯ ಕೂಲಿಕಾರರ ಸಂಘಗಳೂ ಇದಕ್ಕೆ ಒತ್ತಾಯ ಮಾಡಿದ್ದವು. 1975ಕ್ಕೆ ಅಂತ ಇಟ್ಟುಕೊಂಡಿದ್ದ ಯೋಜನೆ 1970ಕ್ಕೇ ಬಂತು. 1969ರಲ್ಲಿ ಮೊದಲನೇ ವರ್ಷಕ್ಕೆ ಸೇರಿದವರು ಸುಮಾರು 20,000. ಮರುವರ್ಷ ಸುಮಾರು 35,000.

ಹೆಚ್ಚಿಗೆ ಬಂದ ಆ ಹದಿನೈದು ಸಾವಿರದಲ್ಲಿ ಎಲ್ಲರೂ ಕಪ್ಪು ಮಕ್ಕಳಲ್ಲ. ಐರಿಷ್, ಇಟಾಲಿಯನ್ ಕೂಲಿಗಳ ಮಕ್ಕಳೇ ಅದರಲ್ಲಿ ಬಹಳ ಮಂದಿ ಇದ್ದರು. ಬೀಗ ಹಾಕಿ ಕೂತು ಪೊಲೀಸರ ಹತ್ತಿರ ಬಯ್ಯಿಸಿಕೊಂಡವರು ಇವರು, ಬಾಗಿಲು ತೆಗೆದಾಗ ಜೊತೆಯಲ್ಲಿ ನುಗ್ಗಿದವರು ಅವರು. ನಾನು ಇದನ್ನ ಹೊಟ್ಟೆಕಿಚ್ಚಿನಿಂದ ಹೇಳ್ತಿಲ್ಲ. ಬಂದರೆ ಬರಲಿ, ಅವರೂ ಬಡವರೇ. ಆದರೆ ಆರು ವರ್ಷ ಕಳೆದು ಬಾಗಿಲು ಮುಚ್ಚೋ ಹೊತ್ತಿಗೆ ಅವರಲ್ಲಿ ಎಷ್ಟು ಜನ ಗೇಟಿನ ಹತ್ತಿರ ಬಂದು ನಿಂತರು ಅನ್ನೋದನ್ನ ಕೇಳಲೇಬೇಕು.

ಪತ್ರಿಕೆಗಳು ಬರೆದದ್ದು ಬರೆದದ್ದೇ. ಕಾಲೇಜಿನ ಮಟ್ಟ ಕುಸೀತು, ಸಹಿ ಹಾಕೋದಕ್ಕೆ ಬಾರದವರೆಲ್ಲಾ ಬಂದು ಕೂತಿದ್ದಾರೆ ಅಂತ. ಇಲ್ಲಿ ಒಬ್ಬ ಹೆಣ್ಣುಮಗಳ ವಿಚಾರ ಹೇಳಬೇಕು. ಮಿನಾ ಶಾನೆಸ್ಸಿ ಅಂತ, ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಮ್ಮು. ಹೊಸದಾಗಿ ಬಂದ ಈ ಮಕ್ಕಳು ಬರೆದ ಉತ್ತರ ಪತ್ರಿಕೆಗಳಲ್ಲಿ ಸಾಲಿಗೆ ಹತ್ತು ತಪ್ಪು. ಬೇರೆಯವರು ಅದನ್ನ ಸ್ಟಾಫ್ ರೂಮಿನಲ್ಲಿ ಓದಿ ನಗೋರು. ಆಕೆ ಏನು ಮಾಡಿದಳು ಅಂದರೆ ಸುಮಾರು ನಾಲ್ಕು ಸಾವಿರ ಪತ್ರಿಕೆಗಳನ್ನ ಮುಂದೆ ಹಾಕಿಕೊಂಡು ಒಂದೊಂದು ತಪ್ಪನ್ನೂ ಪರೀಕ್ಷೆ ಮಾಡಿದಳು. ತಪ್ಪುಗಳಿಗೆ ಒಂದು ತರ್ಕ ಇದೆ ಅಂತ ಕಂಡುಕೊಂಡಳು. ಇವರು ದಡ್ಡರಲ್ಲ. ಬರೆಯೋದಕ್ಕೆ ಇವರಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ, ಮನೆಯ ಮಾತಿನ ನಿಯಮವನ್ನ ಪುಸ್ತಕದ ಮಾತಿಗೆ ಹಚ್ಚಿ ನೋಡ್ತಿದ್ದಾರೆ, ಕಲಿಯುವ ಯಾರೇ ಆದರೂ ಹೀಗೇ ತಪ್ಪು ಮಾಡೋದು ಅಂತ 1977ರಲ್ಲಿ ಪುಸ್ತಕ ಬರೆದಳು. ಇವತ್ತಿಗೂ ಅಮೆರಿಕದಲ್ಲಿ ಬರವಣಿಗೆ ಕಲಿಸುವವರು ಆ ಪುಸ್ತಕ ಓದ್ತಾರೆ.

ನಿಮ್ಮಲ್ಲಿ ಎಷ್ಟು ಜನ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕೊನೇ ಬೆಂಚು ಹುಡುಕ್ತೀರಿ? ನಾಚಿಕೊಳ್ಳಬೇಡಿ, ಕೈ ಎತ್ತಿ. ನೋಡಿ, ಅರ್ಧ ಹಾಲು. ಕನ್ನಡದಲ್ಲೇ ‘ಹಾಲು’ ಅನ್ನೋದಕ್ಕೆ ‘ಆಲು’ ಅಂದರೆ ನಗುವ ಮೇಷ್ಟ್ರುಗಳನ್ನ ನಾವೆಲ್ಲಾ ಕಂಡವರೇ. ನಾನು ಹೇಳೋದು, ಬಜೆಟ್ ಕಡಿತ ಅಂದಾಗ ನಾವು ಬರೀ ಫೀಸು, ಊಟ ಅಂತ ಯೋಚನೆ ಮಾಡ್ತೀವಿ. ಆ ಮೇಡಮ್ಮು ಅಂಥವರು ಇರೋದಕ್ಕೂ ದುಡ್ಡು ಬೇಕು. ನಲವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು ಇದ್ದ ಕಡೆ ನೂರ ಇಪ್ಪತ್ತು ಮಕ್ಕಳಾದರೆ, ಆ ಮೇಷ್ಟ್ರೂ ತಿಂಗಳಿಗೆ ಇಷ್ಟು ಅಂತ ದುಡಿಯುವ ಅತಿಥಿ ಉಪನ್ಯಾಸಕನಾದರೆ ನಿಮ್ಮ ತಪ್ಪನ್ನ ಯಾರು ಕೂತು ನೋಡ್ತಾರೆ? ಫೀಸು ಏರದೆಯೂ ನಮ್ಮನ್ನ ಕಾಲೇಜಿನಿಂದ ಆಚೆ ಹಾಕಬಹುದು. ಫೇಲು ಮಾಡಿ.

ಈಗ 1975ಕ್ಕೆ ಬನ್ನಿ. ನ್ಯೂಯಾರ್ಕ್ ನಗರಸಭೆ ವರ್ಷ ವರ್ಷ ಸಾಲ ಎತ್ತಿ ನಡೀತಿತ್ತು. ಕೈಗಾರಿಕೆಗಳು ಊರು ಬಿಟ್ಟಿದ್ದವು, ಮಧ್ಯಮ ವರ್ಗದ ಬಿಳಿಯರು ಊರ ಹೊರಗಿನ ಬಡಾವಣೆಗಳಿಗೆ ಹೋಗಿದ್ದರು, ತೆರಿಗೆ ಇಳಿದಿತ್ತು. ಆ ವರ್ಷ ಬ್ಯಾಂಕುಗಳು ಇನ್ನು ನಿಮ್ಮ ಸಾಲಪತ್ರ ಕೊಳ್ಳೋದಿಲ್ಲ ಅಂದುಬಿಟ್ಟವು. ಅಧ್ಯಕ್ಷ ಫೋರ್ಡ್ ಅಕ್ಟೋಬರಿನಲ್ಲಿ ಭಾಷಣ ಮಾಡಿ ಕೇಂದ್ರದಿಂದ ನೆರವಿಲ್ಲ ಅಂದ. ನಗರದ ಖರ್ಚಿನ ಮೇಲೆ ಕಣ್ಣಿಡೋದಕ್ಕೆ ಒಂದು ತುರ್ತು ಹಣಕಾಸು ಮಂಡಳಿ ಬಂತು, ಅದರಲ್ಲಿ ಕಂಪನಿ ದೊರೆಗಳೂ ಕೂತರು. ಜನ ಓಟು ಹಾಕಿ ಆರಿಸಿದ ಮೇಯರಿಗಿಂತ ಈ ಮಂಡಳಿಯ ಮಾತೇ ಮೇಲು. ರೈಲು ಬಸ್ಸಿನ ಟಿಕೆಟ್ಟು 35 ಸೆಂಟಿನಿಂದ 50 ಸೆಂಟಿಗೆ ಏರಿತು. ಆಸ್ಪತ್ರೆ, ಅಗ್ನಿಶಾಮಕ ಠಾಣೆ ಮುಚ್ಚಿದವು. ಪುಕ್ಕಟೆ ಕಾಲೇಜು ಇವರೆಲ್ಲರ ಕಣ್ಣಿಗೆ ಮೊದಲಿನಿಂದಲೂ ಚುಚ್ತಾ ಇತ್ತು. ಸಾಲ ಬೇಕಾದರೆ ಅದನ್ನ ನಿಲ್ಲಿಸಿ ಅಂದರು.

1976ರ ಮೇ ಕೊನೆಯಲ್ಲಿ ಸಂಬಳಕ್ಕೆ ಹಣವಿಲ್ಲದೆ ಇಡೀ ವಿಶ್ವವಿದ್ಯಾಲಯಕ್ಕೆ ಬಾಗಿಲು ಹಾಕಿದರು. ಪರೀಕ್ಷೆಯ ಹೊತ್ತು. ಎರಡು ವಾರ ಮುಚ್ಚಿತ್ತು. ಆ ಮುಚ್ಚಿದ ಹೊತ್ತಿನಲ್ಲೇ ಮಂಡಳಿ ಸೇರಿ ಫೀಸು ಹಾಕೋದು ಅಂತ ತೀರ್ಮಾನ ಮಾಡ್ತು. ಯಾರು ಗಲಾಟೆ ಮಾಡಬೇಕು? ಗೇಟಿಗೆ ಬೀಗ ಹಾಕಿರೋದು ಈ ಸಲ ಸರ್ಕಾರ. 1969ರಲ್ಲಿ ನಮ್ಮ ಹುಡುಗರು ಹಾಕಿದ ಬೀಗ ಅಪರಾಧ, 1976ರಲ್ಲಿ ಅವರು ಹಾಕಿದ ಬೀಗ ಹಣಕಾಸು ಶಿಸ್ತು.

ಆಗ ಕಾಲೇಜಿಗೆ ಸೇರುವವರಲ್ಲಿ ಕಪ್ಪು, ಪೋರ್ಟೊರಿಕನ್ ಮತ್ತು ಇತರ ಬಿಳಿಯರಲ್ಲದ ಮಕ್ಕಳು ಅರ್ಧದ ಮಟ್ಟಕ್ಕೆ ಬಂದಿದ್ದರು. 1930ರ ದಶಕದ ಮಹಾಕುಸಿತದಲ್ಲಿ, ಜನ ಬ್ರೆಡ್ಡಿಗೆ ಸಾಲು ನಿಂತಿದ್ದಾಗ, ಆ ಊರು ಫೀಸು ಹಾಕಿರಲಿಲ್ಲ. ಎರಡು ಮಹಾಯುದ್ಧದಲ್ಲೂ ಹಾಕಿರಲಿಲ್ಲ. ಪುಕ್ಕಟೆ ಓದಿ ಮೇಲೆ ಬಂದವರ ಮಕ್ಕಳಿಗೆ ಆ ಕಾಲೇಜು ಬೇಕಾಗಿಲ್ಲದ ಹೊತ್ತಿಗೆ ಹಾಕಿದರು. ಬೊಕ್ಕಸ ಬರಿದಾಗಿದ್ದು ಸುಳ್ಳಲ್ಲ. ಆದರೆ ಬರಿದಾದಾಗ ಏನನ್ನ ಕಡೀಬೇಕು ಅನ್ನೋದನ್ನ ಬೊಕ್ಕಸ ತೀರ್ಮಾನ ಮಾಡೋದಿಲ್ಲ, ಮನುಷ್ಯರು ಮಾಡ್ತಾರೆ. ಮುಂದಿನ ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ವಿದ್ಯಾರ್ಥಿಗಳು ಕಡಿಮೆಯಾದರು. ಸಾವಿರಾರು ಶಿಕ್ಷಕರು, ನೌಕರರು ಕೆಲಸ ಕಳಕೊಂಡರು. ಕೊನೆಗೆ ಸೇರಿದವರನ್ನ ಮೊದಲು ತೆಗೀಬೇಕು ಅನ್ನೋದು ನಿಯಮ. ಕೊನೆಗೆ ಸೇರಿದವರು ಯಾರು? ಕಪ್ಪು ಮತ್ತು ಪೋರ್ಟೊರಿಕನ್ ಮೇಷ್ಟ್ರುಗಳು.

ಆಗಲೂ ಈಗಿನ ಹಾಗೇ ಒಂದು ಸಮಾಧಾನದ ಮಾತು ಹೇಳಿದ್ದರು. ಫೀಸಾದರೇನು, ಬಡವರಿಗೆ ವಿದ್ಯಾರ್ಥಿವೇತನ ಇದೆಯಲ್ಲ ಅಂತ. ಇತ್ತು, ರಾಜ್ಯ ಸರ್ಕಾರದ್ದು. ಆದರೆ ಪೂರ್ತಿ ಸಮಯ ಓದುವವರಿಗೆ ಮಾತ್ರ. ಕೆಲಸ ಮಾಡ್ತಾ ಎರಡು ಮೂರು ವಿಷಯ ತಗೊಂಡು ನಿಧಾನವಾಗಿ ಓದುವ ತಾಯಂದಿರಿಗೆ, ಕೂಲಿಗಳಿಗೆ ಇಲ್ಲ. ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗೆ.

ಇಷ್ಟು ಕತ್ತಲಲ್ಲೂ ಒಂದು ಕಡೆ ಗೆದ್ದರು. ದಕ್ಷಿಣ ಬ್ರಾಂಕ್ಸ್ ಅಂತ ನ್ಯೂಯಾರ್ಕಿನ ತೀರಾ ಬಡ ಭಾಗ. ಅಲ್ಲಿ 1970ರಲ್ಲಿ ಹಳೇ ಟೈರ್ ಕಾರ್ಖಾನೆಯ ಕಟ್ಟಡದಲ್ಲಿ ಹೋಸ್ಟೋಸ್ ಅಂತ ಒಂದು ಕಾಲೇಜು ಶುರುವಾಗಿತ್ತು. ಪಾಠ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ. ಓದುವವರಲ್ಲಿ ಮಕ್ಕಳೊಂದಿಗರಾದ ಹೆಂಗಸರು ಬಹಳ. 1976ರಲ್ಲಿ ಇದನ್ನ ಮುಚ್ಚಿ ಇನ್ನೊಂದು ಕಾಲೇಜಿಗೆ ಸೇರಿಸ್ತೀವಿ ಅಂದರು. ವಿದ್ಯಾರ್ಥಿಗಳು, ಕೆಲವು ಮೇಷ್ಟ್ರುಗಳು, ಕೇರಿಯ ಜನ ಸೇರಿ ಕಟ್ಟಡ ಹಿಡಿದುಕೊಂಡರು. ಇಪ್ಪತ್ತು ದಿನ. ಒಳಗೆ ಪಾಠ ನಿಲ್ಲಿಸಲಿಲ್ಲ. ತಾಯಂದಿರು ಹೋರಾಟಕ್ಕೆ ಕೂತಾಗ ಕೂಸುಗಳನ್ನ ನೋಡಿಕೊಳ್ಳೋದಕ್ಕೆ ಕೂಸಿನ ಮನೆ ನಡೆಸಿದರು. ಪೊಲೀಸರು ಬಂದು ನಲವತ್ತು ಜನರನ್ನ ಹಿಡಿದುಕೊಂಡು ಹೋದರು. ಆದರೂ ಕಾಗದ ಬರೆಯೋದು, ಶಾಸಕರ ಮನೆ ಬಾಗಿಲಿಗೆ ಹೋಗೋದು ಬಿಡಲಿಲ್ಲ. ಆ ಜೂನಿನಲ್ಲಿ ಶಾಸನಸಭೆ ಕಾಯಿದೆ ಮಾಡಿ ಹೋಸ್ಟೋಸಿಗೆ ಹಣ ಇಟ್ಟಿತು. ಕಾಲೇಜು ಇವತ್ತಿಗೂ ನಡೀತಿದೆ. ಇಡೀ ವಿಶ್ವವಿದ್ಯಾಲಯ ಫೀಸಿನ ಯುದ್ಧ ಸೋತ ವರ್ಷವೇ ಅತಿ ಬಡವರ ಕಾಲೇಜು ತನ್ನನ್ನ ತಾನು ಉಳಿಸಿಕೊಂಡಿತು. ಅವರ ಹಿಂದೆ ಕೇರಿ ಇತ್ತು, ಅದಕ್ಕೆ ಅಂತ ನನ್ನ ಲೆಕ್ಕ. ದೊಡ್ಡ ಕಾಲೇಜುಗಳ ಹಿಂದೆ ಹಳೇ ವಿದ್ಯಾರ್ಥಿಗಳ ಸಂಘಗಳಿದ್ದವು, ಹಳೇ ಫೋಟೋಗಳಿದ್ದವು.

ಮುಂದಿನದನ್ನ ಬೇಗ ಹೇಳಿಬಿಡ್ತೀನಿ. 1989ರಲ್ಲಿ 200 ಡಾಲರ್ ಏರಿಸೋದಕ್ಕೆ ಹೊರಟರು. ಸಿಟಿ ಕಾಲೇಜಿನಿಂದಲೇ ಮತ್ತೆ ಶುರು, ಒಂದಾದ ಮೇಲೆ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕಟ್ಟಡ ಹಿಡಿದರು. ಗವರ್ನರ್ ಏರಿಕೆಯನ್ನ ತಡೆದ. 1991ರಲ್ಲಿ ಮತ್ತೆ ಏರಿಕೆ, ಮತ್ತೆ ಹೋರಾಟ, ಈ ಸಲ ಸೋಲು. 1999ರಲ್ಲಿ ನಾಲ್ಕು ವರ್ಷದ ಕಾಲೇಜುಗಳಲ್ಲಿ ಹಿಂದುಳಿದ ಮಕ್ಕಳ ವಿಶೇಷ ತರಗತಿಗಳನ್ನೇ ತೆಗೆದುಹಾಕೋದಕ್ಕೆ ತೀರ್ಮಾನಿಸಿದರು. ಎಲ್ಲರಿಗೂ ತೆರೆದ ಬಾಗಿಲು ಅಲ್ಲಿಗೆ ಮುಚ್ಚಿತು. 2019ರ ಹೊತ್ತಿಗೆ ಆ ರಾಜ್ಯದವರೇ ಆದರೂ ಪದವಿ ಕಾಲೇಜಿನ ಬೋಧನಾ ಶುಲ್ಕ ವರ್ಷಕ್ಕೆ 6,930 ಡಾಲರ್.

ಮೆರಿಟ್ಟಿನವರಿಗೆ ಒಂದು ಉತ್ತರವೂ ಇದೆ. 1970ರಿಂದ ಮೂರು ವರ್ಷ ಆ ತೆರೆದ ಬಾಗಿಲಿನಿಂದ ಬಂದ ಹೆಂಗಸರನ್ನ ಸುಮಾರು ಮೂವತ್ತು ವರ್ಷ ಆದ ಮೇಲೆ ಹುಡುಕಿಕೊಂಡು ಹೋಗಿ ಕೇಳಿದ ಪಾಲ್ ಅಟ್ಟೆವೆಲ್, ಡೇವಿಡ್ ಲಾವಿನ್ ಅನ್ನೋ ಇಬ್ಬರು ಪ್ರೊಫೆಸರುಗಳು 2007ರಲ್ಲಿ ಪುಸ್ತಕ ಬರೆದಿದ್ದಾರೆ. ನಾಲ್ಕು ವರ್ಷದಲ್ಲಿ ಮುಗಿಸಲಿಲ್ಲ ಅಂತ ಯಾರನ್ನ ಪತ್ರಿಕೆಗಳು ಲೇವಡಿ ಮಾಡಿದ್ದವೋ ಅವರಲ್ಲಿ ಹೆಚ್ಚಿನವರು ಹತ್ತು, ಹದಿನೈದು ವರ್ಷ ಹಿಡಿದಾದರೂ ಡಿಗ್ರಿ ಮುಗಿಸಿದ್ದರು. ಅವರ ಮಕ್ಕಳೂ ಓದಿನಲ್ಲಿ ಮುಂದೆ ಬಂದಿದ್ದರು.

ಈಗ ನಮ್ಮ ಕಡೆಗೆ. ಇಲ್ಲಿ ಫೀಸು ಏರೋದಕ್ಕೆ ಬ್ಯಾಂಕು ದಿವಾಳಿ ಆಗಬೇಕಾಗಿಲ್ಲ, ಒಂದು ಕಮಿಟಿ ಸಾಕು. 1990ರಿಂದೀಚೆ ನಮ್ಮ ಮಕ್ಕಳು ಮೀಸಲಾತಿಯಿಂದ ವಿಶ್ವವಿದ್ಯಾಲಯಗಳಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ, 1993ರಲ್ಲಿ ಯುಜಿಸಿಯ ಪುನ್ನಯ್ಯ ಸಮಿತಿ, ವಿಶ್ವವಿದ್ಯಾಲಯಗಳು ತಮ್ಮ ಖರ್ಚಿನ ನೂರಕ್ಕೆ 15 ಭಾಗವನ್ನ, ಹತ್ತು ವರ್ಷದ ಹೊತ್ತಿಗೆ 25 ಭಾಗವನ್ನ ತಾವೇ ದುಡಿದುಕೊಳ್ಳಲಿ ಅಂತ ವರದಿ ಕೊಟ್ಟಿತು. 2000ದಲ್ಲಿ ಬಿರ್ಲಾ ಮತ್ತು ಅಂಬಾನಿ ಕೂತು ಸರ್ಕಾರಕ್ಕೆ ಶಿಕ್ಷಣದ ವರದಿ ಬರೆದುಕೊಟ್ಟರು, ಉಪಯೋಗ ಪಡೆಯುವವನೇ ದುಡ್ಡು ಕೊಡಲಿ ಅಂತ. 2017ರಲ್ಲಿ ಕೇಂದ್ರ ಸರ್ಕಾರವೂ ನಮ್ಮ ಬೆಂಗಳೂರಿನ ಕೆನರಾ ಬ್ಯಾಂಕೂ ಸೇರಿ ಒಂದು ಸಂಸ್ಥೆ ಮಾಡಿದವು. ಕಟ್ಟಡಕ್ಕೆ, ಲ್ಯಾಬಿಗೆ ಹಿಂದೆ ಅನುದಾನ ಅಂತ ಬರ್ತಿದ್ದ ಹಣ ಈಗ ಸಾಲ ಅಂತ ಬರ್ತದೆ. ಸಾಲ ಅಂದಮೇಲೆ ತೀರಿಸಬೇಕು. ತನ್ನ ಸ್ವಂತ ವರಮಾನ ಅಂತ ವಿಶ್ವವಿದ್ಯಾಲಯಕ್ಕೆ ಇರೋದು ಏನು? ನಿಮ್ಮ ಫೀಸು.

2019ರ ಅಕ್ಟೋಬರ್ ಕೊನೆಯಲ್ಲಿ ದೆಹಲಿಯ ಜೆಎನ್‌ಯುನಲ್ಲಿ ಹಾಸ್ಟೆಲ್ ರೂಮಿನ ಬಾಡಿಗೆ ತಿಂಗಳಿಗೆ 20 ರೂಪಾಯಿ ಇದ್ದದ್ದನ್ನ 600 ಮಾಡಿದರು, ಇಬ್ಬರು ಇರುವ ರೂಮಿಗೆ 10 ಇದ್ದದ್ದು 300. ಪತ್ರಿಕೆಗಳೆಲ್ಲಾ ಈ 20 ರೂಪಾಯಿಯನ್ನೇ ಹಿಡಕೊಂಡು ನಕ್ಕವು. ಅಸಲು ಏಟು ಇದ್ದದ್ದು ಬೇರೆ ಕಡೆ, ತಿಂಗಳಿಗೆ 1,700 ರೂಪಾಯಿಯ ಹೊಸ ಸೇವಾ ಶುಲ್ಕ. ಮೆಸ್ಸು, ಶುಚಿತ್ವದ ನೌಕರರ ಸಂಬಳದಂಥ ಖರ್ಚನ್ನ ಸರ್ಕಾರದ ಲೆಕ್ಕದಿಂದ ತೆಗೆದು ಹುಡುಗರ ಲೆಕ್ಕಕ್ಕೆ ಬರೆಯೋದು. ಇದು ಬಹಳ ಚಾಲಾಕಿನ ಕೆಲಸ. ನಾಳೆ ಅಡಿಗೆಯವನು ಸಂಬಳ ಹೆಚ್ಚು ಕೇಳಿದರೆ ಹುಡುಗರೇ ಅವನಿಗೆ ಅಡ್ಡ ನಿಲ್ತಾರೆ. ಜೆಎನ್‌ಯು ಮಕ್ಕಳು ತಿಂಗಳುಗಟ್ಟಲೆ ಹೋರಾಡಿದರು, ಲಾಠಿ ತಿಂದರು. ನವೆಂಬರಿನಲ್ಲಿ ಒಂದಿಷ್ಟು ಇಳಿಸಿದರು, 2020ರ ಜನವರಿಯಲ್ಲಿ ಹೈಕೋರ್ಟು ಹಳೇ ದರದಲ್ಲೇ ನೋಂದಣಿ ಮಾಡಿಕೊಳ್ಳಿ ಅಂದಿತು.

ದಕ್ಷಿಣ ಆಫ್ರಿಕದ ಮಕ್ಕಳು ಈ ಚಾಲಾಕನ್ನ ಮೊದಲೇ ಕಂಡಿದ್ದರು. 2015ರಲ್ಲಿ ಜೋಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯ ನೂರಕ್ಕೆ 10.5 ಫೀಸು ಏರಿಸ್ತೀವಿ ಅಂದಾಗ ಬೀದಿಗೆ ಬಂದ ವಿದ್ಯಾರ್ಥಿಗಳು ಫೀಸಿನ ಜೊತೆಗೇ ಇನ್ನೊಂದು ಬೇಡಿಕೆ ಇಟ್ಟರು. ಕಸ ಗುಡಿಸುವ, ಕಾವಲು ಕಾಯುವ ಗುತ್ತಿಗೆ ನೌಕರರನ್ನ ವಿಶ್ವವಿದ್ಯಾಲಯದ ನೌಕರರನ್ನಾಗಿ ಮಾಡಿ ಅಂತ. ಆ ನೌಕರರು ಯಾರು? ಅವರ ಅವ್ವಂದಿರು, ಅಪ್ಪಂದಿರು. ಹತ್ತು ದಿನದಲ್ಲಿ ಅಧ್ಯಕ್ಷ ಜೂಮಾ ಆ ವರ್ಷದ ಏರಿಕೆ ಸೊನ್ನೆ ಅಂತ ಹೇಳಬೇಕಾಯ್ತು. ನಮ್ಮ ಎಷ್ಟೋ ಹಾಸ್ಟೆಲುಗಳಲ್ಲಿ ಅಡಿಗೆಯವರು ಹೊರಗುತ್ತಿಗೆಯವರು. ಮುದ್ದೆ ಗಟ್ಟಿಯಾಯ್ತು ಅಂತ ಅವರ ಮೇಲೆ ಕೂಗಾಡುವ ಹುಡುಗರು ಅವರಿಗೆ ಎಷ್ಟು ತಿಂಗಳಿನಿಂದ ಸಂಬಳ ಆಗಿಲ್ಲ ಅಂತ ಒಂದು ದಿನ ಕೇಳಿ.

ವಿದ್ಯಾರ್ಥಿವೇತನದ ವಿಚಾರ ಹೇಳದೆ ಮುಗಿಸೋದು ಹೇಗೆ? ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿದ್ದಾಗ ಹಟ ಹಿಡಿದು ನಮ್ಮ ಮಕ್ಕಳ ಉನ್ನತ ಶಿಕ್ಷಣಕ್ಕೆ ಮೂರು ಲಕ್ಷ ರೂಪಾಯಿ ಇಡಿಸಿದರು. 1944ರಿಂದ ನಡೆದುಬಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮೂಲ ಅದು. ಇದಕ್ಕೆ ಆಮೇಲೆ ಕೇಂದ್ರ ಸರ್ಕಾರ ಒಂದು ಸೂತ್ರ ಮಾಡ್ತು. ಹಿಂದಿನ ಯೋಜನೆಯ ಕೊನೇ ವರ್ಷ ಎಷ್ಟು ಖರ್ಚಾಗಿತ್ತೋ ಅಷ್ಟು ಭಾರ ರಾಜ್ಯದ್ದು, ಅದಕ್ಕಿಂತ ಹೆಚ್ಚಾದದ್ದು ಮಾತ್ರ ಕೇಂದ್ರದ್ದು. ಅಂದರೆ ನಮ್ಮ ಮಕ್ಕಳು ಹೆಚ್ಚಾದಂತೆ ಪ್ರತಿ ಸಲವೂ ಭಾರ ರಾಜ್ಯದ ತಲೆಗೆ ಬೀಳ್ತಿತ್ತು. ರಾಜ್ಯಗಳು ಕೈ ಎತ್ತಿದವು, ಬಾಕಿ ಬೆಳೀತು. 2017-18ರಿಂದ 2019-20ರವರೆಗೆ ಇಡೀ ದೇಶಕ್ಕೆ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ. ಕೂಗಾಟ ಜೋರಾದ ಮೇಲೆ 2020ರ ಡಿಸೆಂಬರಿನಲ್ಲಿ 60:40 ಅಂತ ಹಂಚಿಕೆ ಬದಲಾಯ್ತು, ಐದು ವರ್ಷಕ್ಕೆ 59,048 ಕೋಟಿ ಅಂತ ಹೇಳಿದರು. ಈ ಮಧ್ಯದ ವರ್ಷಗಳಲ್ಲಿ ಓದು ಬಿಟ್ಟವರನ್ನ ಯಾವ 60:40 ವಾಪಸು ಕರೀತದೆ? ರೋಹಿತ್ ವೇಮುಲ ತನ್ನ ಕೊನೇ ಪತ್ರದಲ್ಲೂ ಏಳು ತಿಂಗಳ ಫೆಲೋಶಿಪ್ ಬಾಕಿ ಇದೆ ಅಂತ ಲೆಕ್ಕ ಬರೆದಿಟ್ಟಿದ್ದ. ನನ್ನದು ಸಣ್ಣ ಅನುಭವ. ನಾನು ಓದಿದ ಕಾಲೇಜಿನಲ್ಲಿ, ಹೆಸರು ಬೇಡ, ಸ್ಕಾಲರ್‌ಷಿಪ್ ಬರೋವರೆಗೆ ಮಾರ್ಕ್ಸ್ ಕಾರ್ಡು ಕೊಡೋದಿಲ್ಲ ಅಂತ ಗುಮಾಸ್ತರು ಬೀರುವಿನಲ್ಲಿಟ್ಟುಕೊಂಡಿದ್ದರು. ಎರಡು ಕೆಲಸದ ಅರ್ಜಿ ಅದರಿಂದ ತಪ್ಪಿತು. ಕಾಗದದ ಮೇಲೆ ನನಗೆ ಫೀಸು ಇರಲೇ ಇಲ್ಲ ನೋಡಿ.

ನಮ್ಮ ಹೋರಾಟಗಳ ಬಗ್ಗೆ ನನ್ನದೊಂದು ತಕರಾರಿದೆ. ನಾವು ಜೂನ್ ಜುಲೈಯಲ್ಲಿ, ಫೀಸಿನ ಚಲನ್ ಕೈಗೆ ಬಂದಾಗ ಕೂಗ್ತೀವಿ. ಅಷ್ಟು ಹೊತ್ತಿಗೆ ಎಲ್ಲಾ ಮುಗಿದಿರ್ತದೆ. ಫೀಸು ಏರುವ ತೀರ್ಮಾನ ಆಗೋದು ಬಜೆಟ್ಟು ತಯಾರಾಗುವ ಚಳಿಗಾಲದಲ್ಲಿ. ಆಗ ನಾವು ಎಲ್ಲಿರ್ತೀವಿ? ಹಾರ್ಲೆಮಿನ ಮಕ್ಕಳಿಗೆ ಬೆಳಕು ಬಂದದ್ದು ಗವರ್ನರ್ ಬಜೆಟ್ಟಿನ ಸುದ್ದಿ ಓದಿದಾಗ. ನಮ್ಮ ರಾಜ್ಯದಲ್ಲಿ 2013ರಿಂದ ಪರಿಶಿಷ್ಟರ ಉಪಯೋಜನೆಗೆ ಕಾಯಿದೆಯೇ ಇದೆ. ಆ ಕಾಯಿದೆಯ 7(ಡಿ) ಅನ್ನೋ ಸಂದಿಯಿಂದ ನಮ್ಮ ಹಣವನ್ನ ಎಲ್ಲರಿಗೂ ಆಗುವ ಕೆಲಸಕ್ಕೆ ಹಾಕಿ ನಮ್ಮ ಲೆಕ್ಕಕ್ಕೆ ಬರೀತಿದ್ದರು. ಹತ್ತು ವರ್ಷ ಹೇಳಿ ಹೇಳಿ, 2023ರಲ್ಲಿ ಅದನ್ನ ತೆಗೆದರು. ಬಜೆಟ್ ಪುಸ್ತಕ ಓದೋ ಒಂದಿಷ್ಟು ಜನ ಇದ್ದದ್ದರಿಂದ ಅದು ಆಯ್ತು. ಆ ಪುಸ್ತಕ ಓದೋದಕ್ಕೆ ಕಾಮರ್ಸ್ ಓದುವ ಇಬ್ಬರು ಹುಡುಗರು, ಒಂದು ಭಾನುವಾರ ಸಾಕು.

ಅದಕ್ಕೆ ಈಗಲೇ ಒಂದು ಕೆಲಸ ಹಂಚಿಕೊಳ್ಳೋಣ. ಪ್ರತಿ ಹಾಸ್ಟೆಲಿನಿಂದ ಇಬ್ಬರು ಎದ್ದು ನಿಲ್ಲಿ. ನಿಮ್ಮ ಹಾಸ್ಟೆಲಿನಲ್ಲಿ ಒಬ್ಬೊಬ್ಬರಿಗೂ ಕಳೆದ ಮೂರು ವರ್ಷದ ಸ್ಕಾಲರ್‌ಷಿಪ್ ಯಾವ ತಿಂಗಳು ಬಂತು, ಬಂದಿಲ್ಲದವರು ಯಾರು, ಅದಕ್ಕೆ ಮೊದಲು ಕಾಲೇಜಿಗೆ ಕೈಯಿಂದ ಎಷ್ಟು ಕಟ್ಟಿದರು, ಆ ದುಡ್ಡು ಎಲ್ಲಿಂದ ತಂದರು, ಇಷ್ಟನ್ನ ಒಂದು ನೋಟ್ ಬುಕ್ಕಿನಲ್ಲಿ ಬರೀರಿ. ಅವ್ವನ ಓಲೆ ಅಡ ಇಟ್ಟಿದ್ದರೆ ಅದನ್ನೂ ಬರೀರಿ, ಬಡ್ಡಿ ಎಷ್ಟು ಅಂತ ಸಮೇತ. ಹುಡುಗಿಯರ ಹಾಸ್ಟೆಲಿನ ಲೆಕ್ಕ ಬೇರೆಯಾಗಿ ಇರಲಿ, ಅಲ್ಲಿ ಓದು ಬಿಡಿಸಿದ್ದು ಯಾವಾಗ ಅನ್ನೋದು ಮುಖ್ಯ. ಅಡಿಗೆಯವರ ಸಂಬಳದ ತಿಂಗಳುಗಳನ್ನೂ ಕೊನೇ ಪುಟದಲ್ಲಿ ಸೇರಿಸಿ. ಜನವರಿಯ ಮೊದಲನೇ ಭಾನುವಾರ ಎಲ್ಲಾ ನೋಟ್ ಬುಕ್ಕುಗಳನ್ನ ಇಲ್ಲಿಗೇ ತನ್ನಿ, ಕೂಡಿಸಿ ಒಂದೇ ಪಟ್ಟಿ ಮಾಡೋಣ. ಇಲಾಖೆಗೆ ಹಾಕುವ ಮಾಹಿತಿ ಹಕ್ಕಿನ ಅರ್ಜಿಯ ನಮೂನೆ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಹೋಗುವಾಗ ಒಂದೊಂದು ತಗೊಳ್ಳಿ.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ. ಪ್ರಶ್ನೆ ಕೇಳುವವರು ಕೇಳಿ, ಹಿಂದೆ ಕೂತಿರುವ ತಂಗಿಯರಿಂದ ಶುರು ಮಾಡೋಣ.